ಮಾತ್ರೆ ಬಿಡಬೇಡಿ! ‘ಸ್ಟಾಕ್ ಇಲ್ಲ’ ಎಂದರೆ ಬರಿಗೈಲಿ ವಾಪಸ್ ಬರಬೇಡಿ!



ಬಿಪಿ ಮಾತ್ರೆಯನ್ನು ಮದುವೆ ಮನೆಯ ಪಂಕ್ತಿಯಲ್ಲಿ ಕೂತೇ ನುಂಗುತ್ತೇವೆ. ಮನಸ್ಸಿನ ಕಾಯಿಲೆಯ ಮಾತ್ರೆ ಮಾತ್ರ ಅಕ್ಕಿ ಡಬ್ಬಿಯ ಹಿಂದೆ. ನೆಂಟರು ಹೆಸರು ಓದಿಬಿಟ್ಟಾರು ಎಂದು ಪಟ್ಟಿಯಿಂದ ಬಿಡಿಸಿ, ಕಾಗದದಲ್ಲಿ ಸುತ್ತಿಡುವ ಮನೆಗಳೂ ಇವೆ. ಸ್ವಲ್ಪ ಗುಣ ಕಂಡರೆ ಸಾಕು, ‘ಇನ್ನೆಷ್ಟು ದಿನ ಅದನ್ನ ನುಂಗ್ತೀಯ, ಬಿಡು’ ಎನ್ನುವವರು ಹತ್ತು ಜನ. ಬಿಟ್ಟ ಮೇಲೆ ಕಾಯಿಲೆ ಮರುಕಳಿಸಿದರೆ ರಾತ್ರಿಯೆಲ್ಲ ಎದ್ದು ಕೂರುವವರು ಮನೆಯವರು ಮಾತ್ರ.

ಮಾತ್ರೆ ಎಲ್ಲರಿಗೂ ಬೇಕೆಂದು ನಾವು ಹೇಳುತ್ತಿಲ್ಲ. ಖಿನ್ನತೆ ಸಣ್ಣದಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಆದರೆ ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆ ಇದ್ದವರಿಗೆ ಬರೀ ಬುದ್ಧಿಮಾತು ಸಾಲದು. ಹರಕೆ ಹೊರಬೇಡಿ ಎನ್ನುವವರೂ ನಾವಲ್ಲ. ಹರಕೆ ತೀರಿಸಲು ಹೊರಟಾಗ ಮಾತ್ರೆಯೂ ಚೀಲದಲ್ಲಿರಲಿ, ಅಷ್ಟೇ.

ತೊಂದರೆಯನ್ನೂ ಮುಚ್ಚಿಡುವುದಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸುವುದು, ತಲೆಭಾರ ಮೊದಲ ವಾರವೇ ಬರಬಹುದು. ಬಹಳ ಜನ ಕೈಬಿಡುವುದು ಇಲ್ಲೇ. ಕೆಲವು ಮಾತ್ರೆಗಳಿಂದ ಕೈ ನಡುಗಬಹುದು, ಮೈ ಬಿಗಿಯಬಹುದು, ತೂಕ ಏರಬಹುದು. ಡಾಕ್ಟರಿಗೆ ಹೇಳಿದರೆ ಡೋಸ್ ತಗ್ಗಿಸುತ್ತಾರೆ ಇಲ್ಲವೇ ಬೇರೆ ಮಾತ್ರೆ ಬರೆಯುತ್ತಾರೆ. ಲಿಥಿಯಂ ತೆಗೆದುಕೊಳ್ಳುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು. ಬಿಸಿಲಲ್ಲಿ ಬೆವರು ಸುರಿಸಿ ದುಡಿದು ನೀರು ಕುಡಿಯದಿದ್ದರೆ, ವಾಂತಿ ಭೇದಿಯಾದರೆ, ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಕೆಲವು ನೋವಿನ ಗುಳಿಗೆಗಳಿಂದಲೂ ಹಾಗಾಗಬಹುದು. ಗರ್ಭಿಣಿಯರು, ಮಗು ಬಯಸುವವರು ಮೊದಲೇ ಡಾಕ್ಟರಿಗೆ ತಿಳಿಸಿ.

‘ಚಟ ಹತ್ತುತ್ತೆ’ ಎಂಬ ಭಯ ನಿದ್ದೆ ಮಾತ್ರೆಯ ವಿಷಯದಲ್ಲಿ ಸುಳ್ಳಲ್ಲ. ಆಲ್‌ಪ್ರಜೋಲಾಂನಂಥವನ್ನು ಚೀಟಿಯಿಲ್ಲದೆ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಖಿನ್ನತೆಯ ಮಾತ್ರೆ ಆ ಜಾತಿಯದಲ್ಲ. ಆದರೂ ಯಾವುದನ್ನೂ ಒಮ್ಮೆಗೇ ನಿಲ್ಲಿಸಬೇಡಿ. ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ.

ಈಗ ಜಗಳದ ವಿಷಯ. ನೂರಾರು ರೂಪಾಯಿಯ ಕೂಲಿ ಬಿಟ್ಟು, ಎರಡು ಬಸ್ ಹತ್ತಿ ಬಂದವರಿಗೆ ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಸಿಗುವ ಉತ್ತರವೇನು? ‘ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ.’ ಮಾತ್ರೆ ಕೊಡುವುದು ದಯೆದಾಕ್ಷಿಣ್ಯದ ಮಾತಲ್ಲ, ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಅತ್ಯಗತ್ಯ ಔಷಧಿ ಪಟ್ಟಿಯ ಮಾತ್ರೆಗಳನ್ನು ಎಲ್ಲ ಕಾಲದಲ್ಲೂ ಉಚಿತವಾಗಿ ಕೊಡಬೇಕೆಂದು ಅದರ 18ನೇ ಕಲಂ ಹೇಳುತ್ತದೆ. ಲಿಥಿಯಂ, ರಿಸ್ಪೆರಿಡೋನ್, ಫ್ಲುಯೋಕ್ಸೆಟಿನ್ ರಾಷ್ಟ್ರೀಯ ಪಟ್ಟಿಯಲ್ಲಿವೆ.

ಮನೋರೋಗಕ್ಕೆ ಹಳ್ಳಿಯ ಹತ್ತಿರವೇ ಔಷಧಿ ಕೊಡಬಹುದೆಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅಂಥ ರಾಜ್ಯದಲ್ಲಿ ‘ಸ್ಟಾಕ್ ಇಲ್ಲ’ ಎನ್ನಲು ನಾಚಿಕೆಯಾಗಬೇಕು.

ಹಾಗಾಗಿ ಕೌಂಟರಿನಲ್ಲಿ ಜಗಳ ಬೇಡ, ಕಾಗದ ಹಿಡಿಯಿರಿ. ಮಾತ್ರೆ ಇಲ್ಲವೆಂದರೆ ಚೀಟಿಯ ಮೇಲೆ ‘ಲಭ್ಯವಿಲ್ಲ’ ಎಂದು ಬರೆಸಿ, ತಾರೀಖು ಹಾಕಿಸಿ. ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಅರ್ಜಿ ಕೊಡಿ, ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಿ. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಹೊರಡಬೇಡಿ. ಗ್ರಾಮಸಭೆಯಲ್ಲೂ ಎತ್ತಿ. ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ.

ಆಸ್ಪತ್ರೆಗೆ ಹೋಗಲು ಹಿಂಜರಿಯುವವರು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮನಸ್. ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಾಯುವ ಮಾತು ಬಾಯಿಗೆ ಬಂದರೆ ಬೆಳಗಾಗಲೆಂದು ಕಾಯಬೇಡಿ, ಜೊತೆಗಿದ್ದು ಕೂಡಲೇ ಆಸ್ಪತ್ರೆಗೆ ಕರೆತನ್ನಿ.

ತಾಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್ಕಿಗೆ ನಿಗದಿಯಾದ ದಿನ ಮಂಗಳವಾರ. ಬರುವ ಮಂಗಳವಾರ ಹಳೆಯ ಚೀಟಿ, ‘ಲಭ್ಯವಿಲ್ಲ’ ಎಂದು ಬರೆಸಿದ ಕಾಗದ ಇದ್ದವರೆಲ್ಲ ಹಿಡಿದುಕೊಂಡು ಬನ್ನಿ, ಒಟ್ಟಿಗೆ ಅರ್ಜಿ ಕೊಡೋಣ. ಹೆಸರು ಹೇಳಲು ಸಂಕೋಚವಿದ್ದವರು ಬಂದು ಸುಮ್ಮನೆ ಪಕ್ಕದಲ್ಲಿ ನಿಂತರೂ ಸಾಕು.

— ಮಾತ್ರೆ ನುಂಗುವವರು ಮತ್ತು ಅವರ ಮನೆಯವರು