ನೀರಗಂಟಿಗೂ ಒಂದು ಕುರ್ಚಿ ಹಾಕಿ

ಊರಿನ ಆರೋಗ್ಯ ಊರವರ ಕೈಯಲ್ಲಿರಲಿ ಎಂದು 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಕಂದಾಯ ಗ್ರಾಮಕ್ಕೊಂದು ಆರೋಗ್ಯ, ನೈರ್ಮಲ್ಯ ಸಮಿತಿ ಕೊಟ್ಟಿತು. ಪಂಚಾಯಿತಿ ಸದಸ್ಯರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಕಾರ್ಯದರ್ಶಿ. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ.

ಕಿರಿಯ ಆರೋಗ್ಯ ಸಹಾಯಕಿಯಾಗಿ ನಾನು ಕಂಡ ಸಭೆಗಳೆಂದರೆ, ಪಾಪ, ಆಶಾ ಮನೆಮನೆಗೆ ನಡಾವಳಿ ಪುಸ್ತಕ ಹೊತ್ತು ಸಹಿ ಪಡೆಯುತ್ತಿದ್ದುದು. ನೀರಗಂಟಿಯನ್ನು ಯಾರೂ ಕರೆಯುತ್ತಿರಲಿಲ್ಲ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವವನು ಅವನು. ವಾಂತಿಭೇದಿ ಹಬ್ಬಿದಾಗ ಬೈಸಿಕೊಳ್ಳುವವನೂ ಅವನೇ! ಕೊನೆಗೆ ಆತನನ್ನೂ ಕರೆದು, ಆತ ಸಭೆಗೆ ಬರತೊಡಗಿದ ಮೇಲೆ ಪೈಪ್ ಒಡೆದ ಸುದ್ದಿ ಮೊದಲ ರೋಗಿಗಿಂತ ಮುಂಚೆ ನಮಗೆ ಮುಟ್ಟುತ್ತಿತ್ತು.

ಇಂಥ ಸಮಿತಿಗೆ ಬೇಕಾದ ನಾಯಕತ್ವವೆಂದರೆ ಬೆಂಗಳೂರಿನ ತರಬೇತಿ, ಮಧ್ಯಾಹ್ನದ ಊಟ, ಪ್ರಮಾಣಪತ್ರ ಎಂದು ಮೇಲಿನವರು ತಿಳಿದಂತಿದೆ. ಟ್ಯಾಂಕಿನ ವಾಲ್ವ್ ತಿರುಗಿಸುವ ಕೈಗೆ ಅದರಿಂದ ಏನೂ ದಕ್ಕುವುದಿಲ್ಲ.

ಪಿಡಿಓ ಸಾಹೇಬರೇ, ಮುಂದಿನ ಸಭೆಯ ದಿನಾಂಕವನ್ನು ಮೊದಲು ನೀರಗಂಟಿಗೆ ತಿಳಿಸಿ.