ಕುಶಾಲು ಮುಗಿದು ಉಪದ್ರ ಮೊದಲಾಗುವುದೆಲ್ಲಿ?

ಶಾಲೆಗಳು ತೆರೆದು ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ನಮ್ಮಂಥ ವೈದ್ಯರ ಬಳಿಗೆ ಒಂದು ಬಗೆಯ ಬಾಲರೋಗಿಗಳು ಬರತೊಡಗುತ್ತಾರೆ. ಸೋಮವಾರ ಬೆಳಗ್ಗೆ ಕಾಣಿಸಿಕೊಳ್ಳುವ ಹೊಟ್ಟೆನೋವು ಶನಿವಾರ ಮಧ್ಯಾಹ್ನ ತಾನಾಗಿಯೇ ಮಾಯವಾಗುತ್ತದೆ. ಶಾಲೆಯ ಬಸ್ಸು ಬರುವ ಹೊತ್ತಿಗೆ ಭೇದಿಯಾಗುತ್ತದೆ, ರಜೆಯಲ್ಲಿ ಅದರ ಸುಳಿವೂ ಇರುವುದಿಲ್ಲ. ಎಂದೋ ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಹತ್ತನೆಯ ವಯಸ್ಸಿನಲ್ಲಿ ಮರಳಿರುತ್ತದೆ. ಪಾಲಕರು ಜಂತುಹುಳದ ಔಷಧ, ಹಸಿವಿನ ಕಷಾಯ ಇಲ್ಲವೇ ಬ್ರಾಹ್ಮೀಘೃತ ಕೇಳುತ್ತಾರೆ. ದೇಹದ ಕಾಯಿಲೆ ಇದೆಯೇ ಎಂದು ಮೊದಲು ಪರೀಕ್ಷಿಸಬೇಕು, ನಿಜ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಮಕ್ಕಳನ್ನು ದಶಕಗಳಿಂದ ನೋಡುತ್ತ ಬಂದಿರುವ ನನ್ನ ಅಭಿಪ್ರಾಯ ಇಷ್ಟು: ಇವರಲ್ಲಿ ಹಲವರಿಗೆ ಔಷಧಕ್ಕಿಂತ ಮೊದಲು ಬೇಕಾದದ್ದು ತಮ್ಮ ಮೇಲೆ ನಡೆಯುತ್ತಿರುವುದಕ್ಕೆ ಒಂದು ಹೆಸರು, ಮತ್ತು ಅದನ್ನು ಹೇಳಿದಾಗ ನಂಬುವ ಒಬ್ಬ ಹಿರಿಯರು.

ಭಯದಿಂದ ರೋಗ ಹುಟ್ಟುತ್ತದೆಂಬುದು ನಮ್ಮ ಶಾಸ್ತ್ರಕ್ಕೆ ಹೊಸತಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಅತಿಸಾರವನ್ನು ಆರು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಎರಡು ಭಯಜ ಮತ್ತು ಶೋಕಜ, ಅಂದರೆ ಹೆದರಿಕೆಯಿಂದ ಮತ್ತು ದುಃಖದಿಂದ ಬರುವಂಥವು. ಇವೆರಡಕ್ಕೂ ವಾತಶಮನದ ಜೊತೆಗೆ ರೋಗಿಯನ್ನು ಸಂತೋಷಪಡಿಸುವುದು, ಸಮಾಧಾನ ಹೇಳಿ ಧೈರ್ಯ ತುಂಬುವುದು ಚಿಕಿತ್ಸೆಯೆಂದೇ ಆಚಾರ್ಯರು ವಿಧಿಸಿದ್ದಾರೆ. ಅಳುವ ಅಥವಾ ಉಣ್ಣದ ಮಗುವನ್ನು ರಾಕ್ಷಸ, ಪಿಶಾಚಿಗಳ ಹೆಸರು ಹೇಳಿ ಹೆದರಿಸಬಾರದೆಂದು ಅದೇ ಗ್ರಂಥದ ಶಾರೀರಸ್ಥಾನ ಎಚ್ಚರಿಸುತ್ತದೆ. ಗುಮ್ಮನನ್ನು ಕರೆದು ಮಕ್ಕಳಿಗೆ ಉಣಿಸುವ ನಮ್ಮ ಮನೆಗಳು ಈ ಮಾತನ್ನು ನೆನೆಯಬೇಕು. ಇನ್ನು ಸುಶ್ರುತರು ಚಿಕಿತ್ಸೆಯ ಸಾರವನ್ನು ಒಂದೇ ಪದದಲ್ಲಿ ಹೇಳಿಬಿಟ್ಟಿದ್ದಾರೆ: ನಿದಾನಪರಿವರ್ಜನ, ರೋಗದ ಕಾರಣವನ್ನು ದೂರಮಾಡುವುದು. ಸಹಪಾಠಿಗಳ ಕಾಟ ನಡೆದೇ ಇರುವಾಗ ಮಗುವಿಗೆ ಕಷಾಯ ಕುಡಿಸುವುದೆಂದರೆ ಮಾಡು ಸೋರುತ್ತಿರುವಾಗ ನೆಲ ಒರೆಸುತ್ತ ಕುಳಿತಂತೆ.

ಮಗು ಏಕೆ ಹೇಳುವುದಿಲ್ಲ?

ಕಾರಣ ತಿಳಿಯಬೇಕಾದರೆ ಮಗು ಬಾಯಿಬಿಡಬೇಕು. ಅದು ಬಾಯಿಬಿಡದಿರುವುದಕ್ಕೆ ಎರಡು ಅಡ್ಡಿಗಳಿವೆ.

ಮೊದಲನೆಯದು, ಆಗುತ್ತಿರುವುದು ತಪ್ಪೆಂದೇ ಮಗುವಿಗೆ ತಿಳಿದಿರುವುದಿಲ್ಲ. ನಮ್ಮ ಕರಾವಳಿಯ ಮಾತಿನಲ್ಲಿ ಎರಡು ಒಳ್ಳೆಯ ಪದಗಳಿವೆ. ಗೆಳೆಯರ ನಡುವಿನ ತಮಾಷೆಗೆ ‘ಕುಶಾಲು’ ಎನ್ನುತ್ತೇವೆ, ಪೀಡನೆಗೆ ‘ಉಪದ್ರ’ ಎನ್ನುತ್ತೇವೆ. ಕಾಟ ಕೊಡುವವನು ಸಿಕ್ಕಿಬಿದ್ದಾಗ ಹೇಳುವುದು ಒಂದೇ ಮಾತು: ‘ಸುಮ್ಮನೆ ಕುಶಾಲಿಗೆ ಮಾಡಿದ್ದು.’ ಹಿರಿಯರೂ ಅದನ್ನೇ ಒಪ್ಪಿಬಿಡುತ್ತಾರೆ. ಮಗುವಿಗೆ ಈ ಗಡಿ ಗುರುತಿಸಲು ಮೂರು ಪ್ರಶ್ನೆಗಳನ್ನು ಕಲಿಸಿಕೊಡಬಹುದು. ಇಬ್ಬರೂ ನಗುತ್ತಿದ್ದೀರಾ, ಅಥವಾ ಅವರು ಮಾತ್ರವೇ? ‘ಬೇಡ’ ಎಂದಾಗ ನಿಲ್ಲುತ್ತದೆಯೇ, ನಾಳೆಯೂ ಮುಂದುವರಿಯುತ್ತದೆಯೇ? ಅದೇ ಮಾತನ್ನು ನೀನು ಅವರಿಗೆ ತಿರುಗಿ ಹೇಳಬಲ್ಲೆಯಾ? ಒಬ್ಬರೇ ನಗುತ್ತಿದ್ದರೆ, ಬೇಡವೆಂದರೂ ನಿಲ್ಲದಿದ್ದರೆ, ತಿರುಗಿ ಹೇಳುವ ಬಲ ಇಲ್ಲದಿದ್ದರೆ ಅದು ಉಪದ್ರವೇ. ಹೊಡೆತ ಬಿದ್ದಿರಬೇಕೆಂದಿಲ್ಲ. ಆಟಕ್ಕೆ ಸೇರಿಸದಿರುವುದು, ಅಡ್ಡಹೆಸರು ಹಿಡಿದು ಕೂಗುವುದು, ಬುತ್ತಿ ಕಸಿಯುವುದು, ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿ ನಗುವುದು ಎಲ್ಲವೂ ಇದರಲ್ಲಿ ಸೇರುತ್ತವೆ.

ನಾರ್ವೆಯಲ್ಲಿ ಈ ವಿಷಯವನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಮನೋವಿಜ್ಞಾನಿ ಡ್ಯಾನ್ ಓಲ್ವಿಯಸ್ ಗುರುತಿಸಿದ ಲಕ್ಷಣಗಳೂ ಇವೇ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವಿಕೆ, ಬಲದ ಅಸಮತೆ. 1982ರಲ್ಲಿ ಆ ದೇಶದ ಮೂವರು ಬಾಲಕರು ಸಹಪಾಠಿಗಳ ಕಾಟ ತಾಳಲಾರದೆ ಪ್ರಾಣ ಕಳೆದುಕೊಂಡರೆಂಬ ಸುದ್ದಿ ಬಂದ ಮೇಲೆ, 1983ರಲ್ಲಿ ಅಲ್ಲಿನ ಸರ್ಕಾರ ಎಲ್ಲ ಶಾಲೆಗಳಿಗೂ ಅನ್ವಯಿಸುವ ಅಭಿಯಾನವನ್ನೇ ಕೈಗೊಂಡಿತು. ಅಷ್ಟು ದೊಡ್ಡ ಬೆಲೆ ತೆತ್ತ ಮೇಲೆ ನಾವು ಎಚ್ಚರಗೊಳ್ಳಬೇಕಾಗಿಲ್ಲ.

ಎರಡನೆಯ ಅಡ್ಡಿಯನ್ನು ನಾವೇ ಕಟ್ಟಿದ್ದೇವೆ. ಮನೆಯಲ್ಲಿ ಅಣ್ಣನ ಮೇಲೆ ತಂಗಿ ದೂರಿದರೂ ‘ಚಾಡಿ ಹೇಳಬೇಡ’ ಎಂದು ಗದರುತ್ತೇವೆ. ಶಾಲೆಯಲ್ಲಿಯೂ ಅದೇ ಪಾಠ. ಹೀಗೆ ಬೆಳೆದ ಮಗು ತನ್ನ ಸಂಕಟವನ್ನು ಹೇಳುವುದೂ ಚಾಡಿಯೆಂದೇ ಭಾವಿಸುತ್ತದೆ. ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು: ಇನ್ನೊಬ್ಬರಿಗೆ ಶಿಕ್ಷೆಯಾಗಲಿ ಎಂದು ಹೇಳುವುದು ಚಾಡಿ, ತನ್ನ ಅಥವಾ ಗೆಳೆಯನ ನೋವು ನಿಲ್ಲಲಿ ಎಂದು ಹೇಳುವುದು ನೆರವು ಬೇಡುವುದು. ಸುಮ್ಮನೆ ನೋಡುತ್ತ ನಿಲ್ಲುವ ಮಕ್ಕಳಿಗೂ ಇದನ್ನು ಕಲಿಸಬೇಕು. ನೋಡುವವರ ನಗುವೇ ಕಾಟ ಕೊಡುವವನಿಗೆ ಬಲ.

ಊರು ಬಿಟ್ಟು ಬಂದ ಮಕ್ಕಳು

ಈ ಪತ್ರಿಕೆಯ ಓದುಗರಲ್ಲಿ ಅನೇಕರು ಬಯಲುಸೀಮೆಯವರು. ಮೂಡುಬಿದಿರೆ, ಉಜಿರೆಗಳ ವಿದ್ಯಾಸಂಸ್ಥೆಗಳಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಂದ ಮಕ್ಕಳು ಬರುತ್ತಾರೆ, ಹಾಸ್ಟೆಲುಗಳಲ್ಲಿ ಇದ್ದು ಓದುತ್ತಾರೆ. ಜೋಳದ ರೊಟ್ಟಿ ಉಂಡು ಬೆಳೆದ ಹುಡುಗ ಕುಚ್ಚಲಕ್ಕಿ ಅನ್ನಕ್ಕೆ ಹೊಂದಿಕೊಳ್ಳಬೇಕು, ಸುತ್ತಲಿನ ತುಳು, ಕೊಂಕಣಿ, ಬ್ಯಾರಿ ಮಾತುಗಳ ನಡುವೆ ತನ್ನ ಕನ್ನಡವನ್ನು ಹಿಡಿದು ನಿಲ್ಲಬೇಕು. ಅವನ ‘ಹೌದ್ರಿ’, ‘ಏನ್ರಿ’ಗಳನ್ನು ಅಣಕಿಸಿ, ‘ಘಟ್ಟದವ’ ಎಂದು ಕರೆಯುವುದು ಸಲುಗೆಯಲ್ಲಿಯೇ ಮೊದಲಾಗಬಹುದು. ದಿನವೂ ನಡೆದಾಗ ಆ ಹುಡುಗ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾನೆ. ನಮ್ಮ ಕರಾವಳಿಯ ಮಗು ಬೆಂಗಳೂರಿಗೆ ಹೋದಾಗ ಅದರ ಪುಸ್ತಕದಂಥ ಕನ್ನಡಕ್ಕೂ ಇದೇ ಗತಿ. ಊರು ಯಾವುದಾದರೂ ನೋವು ಒಂದೇ.

ಹಾಸ್ಟೆಲಿನಲ್ಲಿರುವ ಮಗುವಿಗೆ ಸಂಜೆ ಮನೆಗೆ ಬಂದು ಅಮ್ಮನ ಮಡಿಲಲ್ಲಿ ಅಳುವ ಅವಕಾಶವೂ ಇಲ್ಲ. ಕಾಟ ಕೊಡುವವನು ಅದೇ ಕೋಣೆಯಲ್ಲಿ ಮಲಗಿರುತ್ತಾನೆ. ವಾರಕ್ಕೊಮ್ಮೆ ದೊರೆಯುವ ಫೋನಿನ ಹತ್ತು ನಿಮಿಷಗಳಲ್ಲಿ ಪಾಲಕರು ಅಂಕಗಳನ್ನಷ್ಟೇ ವಿಚಾರಿಸಿದರೆ ಉಳಿದದ್ದನ್ನು ಮಗು ನುಂಗಿಕೊಳ್ಳುತ್ತದೆ. ‘ಯಾರ ಜೊತೆ ಊಟಕ್ಕೆ ಕುಳಿತೆ? ಯಾರ ಹತ್ತಿರ ಕೂರಲು ಇಷ್ಟವಿಲ್ಲ?’ ಎಂದು ಕೇಳಿನೋಡಿ.

ದೊಡ್ಡವರಾದ ಮೇಲೂ ಇದು ತಾನಾಗಿ ನಿಲ್ಲುವುದಿಲ್ಲ. 2021ರ ಫೆಬ್ರವರಿಯಲ್ಲಿ ಕಿರಿಯರಿಗೆ ರ‍್ಯಾಗಿಂಗ್ ಮಾಡಿದ ಆರೋಪದ ಮೇಲೆ ಮಂಗಳೂರು ಪೊಲೀಸರು ಕಾಲೇಜೊಂದರ 11 ವಿದ್ಯಾರ್ಥಿಗಳನ್ನು ಬಂಧಿಸಿದ್ದರು. ಮೀಸೆ ಬೋಳಿಸಿಕೊಳ್ಳುವಂತೆ, ಬೆಂಕಿಕಡ್ಡಿ ಎಣಿಸುವಂತೆ ಒತ್ತಾಯಿಸಿದ್ದು ದೂರಿನಲ್ಲಿತ್ತು. ಹೊರಗಿನವರ ಕಣ್ಣಿಗೆ ಇವು ಕ್ಷುಲ್ಲಕವಾಗಿ ಕಂಡಾವು. ಆದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ.

ಹೇಳಿದಾಗ ನಾವು ಮಾಡಬೇಕಾದದ್ದು

ಮಗು ಮೊದಲ ಸಲ ಹೇಳಿದಾಗ ನಮ್ಮ ಬಾಯಿಂದ ಬರುವ ಮಾತೇ ಅದು ಎರಡನೆಯ ಸಲ ಹೇಳುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ. ‘ನೀನೇನು ಮಾಡಿದೆ?’, ‘ಗಂಡು ಹುಡುಗ ಹೀಗೆ ಅಳುವುದೇ?’, ‘ನೀನೂ ಎರಡು ಬಿಗಿ’ ಎಂಬ ಮೂರೂ ಮಾತುಗಳು ಬಾಗಿಲು ಮುಚ್ಚುತ್ತವೆ. ‘ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ, ಮುಂದೇನು ಮಾಡುವುದೆಂದು ಇಬ್ಬರೂ ಯೋಚಿಸೋಣ’ ಎಂದರೆ ಸಾಕು. ಇದೇ ಆಚಾರ್ಯರು ಹೇಳಿದ ಸಮಾಧಾನ.

ಆಮೇಲೆ ದಿನಾಂಕ ಸಹಿತ ಬರೆದಿಟ್ಟುಕೊಂಡು ತರಗತಿಯ ಅಧ್ಯಾಪಕರನ್ನು ಅಥವಾ ವಾರ್ಡನ್ ಅವರನ್ನು ಕಾಣಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಬೇಕು. ಕಾಟ ಕೊಟ್ಟ ಮಗುವಿನ ಮನೆಗೆ ನುಗ್ಗಿ ಜಗಳವಾಡುವುದು ಬೇಡ. ಅದರ ಏಟು ಮರುದಿನ ನಮ್ಮ ಮಗುವಿನ ಮೇಲೆಯೇ ಬೀಳುತ್ತದೆ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ತೆರೆದಿರುತ್ತದೆ, ಶುಲ್ಕವಿಲ್ಲ, ಮಗುವೇ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ 14416ರಲ್ಲಿ ಕನ್ನಡದಲ್ಲಿಯೇ ಆಪ್ತಸಲಹೆ ದೊರೆಯುತ್ತದೆ. ಈ ಎರಡು ಸಂಖ್ಯೆಗಳನ್ನು ಮಗುವಿಗೆ ಬಾಯಿಪಾಠ ಮಾಡಿಸಿ. ‘ನಾನು ಇರುವುದೇ ಬೇಡ’ ಎಂಬಂಥ ಮಾತು ಬಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಮಾನಸಿಕ ತಜ್ಞರಲ್ಲಿಗೆ ಕರೆದೊಯ್ಯಬೇಕು. ನಮ್ಮ ಘೃತ, ಅಭ್ಯಂಗಗಳು ಆ ಚಿಕಿತ್ಸೆಗೆ ಜೊತೆಯಾಗಬಹುದೇ ಹೊರತು ಅದರ ಜಾಗವನ್ನು ತುಂಬಲಾರವು. ಇನ್ನು ಗ್ರಾಮ ಪಂಚಾಯತುಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ನಮ್ಮ ಮಕ್ಕಳು ರಸ್ತೆ, ಬಸ್ಸುಗಳ ಬಗ್ಗೆ ಎದ್ದು ನಿಂತು ಕೇಳುತ್ತಾರೆ. ಶಾಲೆಯಲ್ಲಿ ನಡೆಯುವ ಉಪದ್ರದ ಬಗ್ಗೆಯೂ ಅಲ್ಲಿ ಕೇಳುವಂತಾಗಲಿ.

ಕಾಟ ಕೊಡುವ ಮಗುವನ್ನೂ ನಾವು ಮರೆಯುವಂತಿಲ್ಲ. ಮನೆಯಲ್ಲಿ ಏಟು ತಿಂದ ಮಗು ಶಾಲೆಯಲ್ಲಿ ಏಟು ಕೊಡುವುದುಂಟು. ಅದನ್ನು ತಡೆಯಲೇಬೇಕು, ತಿದ್ದಲೂಬೇಕು; ಹೊರಗಟ್ಟಿ ಕೈತೊಳೆದುಕೊಂಡರೆ ಅದು ಇನ್ನೊಂದು ಶಾಲೆಯಲ್ಲಿ ಇನ್ನೊಂದು ಮಗುವನ್ನು ಹುಡುಕಿಕೊಳ್ಳುತ್ತದೆ.

ಕೊನೆಯದಾಗಿ ನಮ್ಮ ಮಠಗಳು ನಡೆಸುವ ಪ್ರಸಾದನಿಲಯಗಳ ಹಿರಿಯರಲ್ಲಿ ಒಂದು ಅರಿಕೆ. ಪ್ರತಿ ನಿಲಯದಲ್ಲಿಯೂ ಮಕ್ಕಳು ಅಂಜಿಕೆಯಿಲ್ಲದೆ ಹೋಗಬಹುದಾದ ಒಬ್ಬರನ್ನು ಹೆಸರಿಸಿ, ಆ ಹೆಸರನ್ನೂ 1098 ಸಂಖ್ಯೆಯನ್ನೂ ಊಟದ ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿ. ಖರ್ಚು ಒಂದು ಡಬ್ಬಿ ಬಣ್ಣದ್ದು. ಬಡತನದಿಂದ, ದೂರದಿಂದ ಬಂದ ಮಗುವಿಗೆ ಅನ್ನ, ಅಕ್ಷರಗಳೊಂದಿಗೆ ಅಭಯವೂ ದೊರೆತಾಗಲೇ ಉಂಡ ಅನ್ನ ಮೈಗೆ ಹತ್ತುತ್ತದೆ.