‘ಡೆಸ್ಕ್‌ಟಾಪ್ ಮೋಡ್ ಹಾಕಿ ನೋಡು’

ಆನ್‌ಲೈನ್‌ನಲ್ಲಿ ನೌಕರಿಗೆ ಅರ್ಜಿ ಹಾಕಿದವರಿಗೆಲ್ಲ ಈ ಮಾತು ಗೊತ್ತು: ‘ಮೊಬೈಲ್‌ನಲ್ಲಿ ಬರಲ್ಲ, ಡೆಸ್ಕ್‌ಟಾಪ್ ಮೋಡ್ ಹಾಕಿ ನೋಡು’. ಹಾಕಿದರೆ ಅಕ್ಷರಗಳು ಇರುವೆ ಗಾತ್ರಕ್ಕೆ ಇಳಿಯುತ್ತವೆ. ಹುಟ್ಟಿದ ದಿನಾಂಕದ ಕ್ಯಾಲೆಂಡರ್ ತೆರೆದುಕೊಂಡು ‘ಮುಂದೆ’ ಬಟನ್ ಮೇಲೆಯೇ ಕೂರುತ್ತದೆ. ಅದನ್ನು ಅತ್ತಿತ್ತ ಸರಿಸುವಷ್ಟರಲ್ಲಿ ಸೆಷನ್ ಮುಗಿದಿರುತ್ತದೆ. ಮೇಗರವಳ್ಳಿಯಂಥ ಊರಲ್ಲಿ ಆಮೇಲೆ ಉಳಿಯುವುದು ಒಂದೇ ದಾರಿ, ತೀರ್ಥಹಳ್ಳಿ ಬಸ್ಸು ಹತ್ತಿ ಸೈಬರ್ ಸೆಂಟರ್‌ಗೆ ಹೋಗುವುದು. ಬಸ್ ಚಾರ್ಜು, ಸೆಂಟರ್‌ನವರ ಫೀಸು, ಅರ್ಧ ದಿನ. ಮಳೆಗಾಲದಲ್ಲಿ ಅಲ್ಲೂ ಕರೆಂಟು ಹೋಗಿದ್ದರೆ, ಅದು ಕೊನೆಯ ದಿನಾಂಕವೂ ಆಗಿದ್ದರೆ, ಆ ನೌಕರಿಯ ಕಥೆ ಅಲ್ಲಿಗೇ ಮುಗಿಯಿತು.

ಎಲ್ಲರೂ ಬೈಯುವುದು ನೆಟ್‌ವರ್ಕನ್ನು. ಬೈಯಬೇಕಾದ್ದೇ. ಸಾಗರ, ಹೊಸನಗರ ಕಡೆಯ ಹಳ್ಳಿಯವರು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಬೋರ್ಡ್ ಹಿಡಿದದ್ದು ಸುಮ್ಮನೆ ಅಲ್ಲ. ಆದರೆ ತಪ್ಪಿನಲ್ಲಿ ಅರ್ಧ ಪಾಲು ವೆಬ್‌ಸೈಟ್ ಮಾಡಿದವರದೂ ಇದೆ ಎಂಬುದು ನನ್ನ ವಾದ. ಜನ ಬ್ರೌಸರ್ ಬದಲಿಸಿ ಯಾವ ಕಾಲವಾಯಿತು! ಇವರು ಇನ್ನೂ ದೊಡ್ಡ ಮಾನಿಟರ್ ಎದುರು ಕೂತವರಿಗೇ ಪುಟ ಮಾಡುತ್ತಿದ್ದಾರೆ.

ಸ್ವಲ್ಪ ಹಿಂದೆ ಹೋಗೋಣ. 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ಕಾಲದಲ್ಲಿ ಜಗತ್ತಿನ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬಳಸುತ್ತಿದ್ದದ್ದು ಆ ಒಂದೇ ಬ್ರೌಸರ್. ಹಾಗಾಗಿ ಡಿಸೈನರುಗಳು ಅದಕ್ಕೆ ಮಾತ್ರ ಕೆಲಸ ಮಾಡಿದರು. 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಕ್ರೋಮ್ ಬಂತು. 2012ರಲ್ಲಿ ಸ್ಟ್ಯಾಟ್‌ಕೌಂಟರ್ ಲೆಕ್ಕದಲ್ಲಿ ಕ್ರೋಮ್ ಮುಂದೆ ಹೋಯಿತು. 2016ರ ಸೆಪ್ಟೆಂಬರ್‌ನಲ್ಲಿ ನಮ್ಮಲ್ಲಿ ಜಿಯೊ ಶುರುವಾಯಿತು. ಮರು ತಿಂಗಳೇ, ಅದೇ ಸ್ಟ್ಯಾಟ್‌ಕೌಂಟರ್ ಪ್ರಕಾರ, ಜಗತ್ತಿನಲ್ಲಿ ಮೊಬೈಲ್ ಬಳಕೆ ಡೆಸ್ಕ್‌ಟಾಪನ್ನು ಹಿಂದಿಕ್ಕಿತು. 2022ರ ಜೂನ್ 15ಕ್ಕೆ ಮೈಕ್ರೊಸಾಫ್ಟ್ ಎಕ್ಸ್‌ಪ್ಲೋರರ್‌ಗೆ ನಿವೃತ್ತಿ ಕೊಟ್ಟಿತು. ಡೇಟಾ ದುಬಾರಿಯಿದ್ದ ದಿನಗಳಲ್ಲಿ ನಮ್ಮ ಅಣ್ಣಂದಿರ ಫೋನಿನಲ್ಲಿ ಇದ್ದದ್ದು ಒಪೆರಾ ಮಿನಿ, ಯುಸಿ ಬ್ರೌಸರ್. 2020ರ ಜೂನ್‌ನಲ್ಲಿ ಯುಸಿಯೂ ನಿಷೇಧವಾಯಿತು.

ಒಂದೇ ಬ್ರೌಸರ್ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ದಕ್ಷಿಣ ಕೊರಿಯಾವನ್ನು ನೋಡಬೇಕು. ಅಲ್ಲಿ ಆನ್‌ಲೈನ್ ಬ್ಯಾಂಕಿಂಗ್‌ನ ಭದ್ರತೆಯನ್ನು ಎಕ್ಸ್‌ಪ್ಲೋರರ್‌ನ ಆಕ್ಟಿವ್‌ಎಕ್ಸ್‌ಗೆ ಕಟ್ಟಿಹಾಕಿ, ಬೇರೆ ಬ್ರೌಸರ್ ಬೇಕೆಂದವರಿಗೂ ವರ್ಷಗಟ್ಟಲೆ ಬಿಡುಗಡೆ ಇರಲಿಲ್ಲ. ಈಗ ‘ಕ್ರೋಮ್‌ನಲ್ಲಿ ಮಾತ್ರ ತೆರೆಯಿರಿ’ ಎಂಬ ಸೂಚನೆ ಕಂಡಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. 2020ರಿಂದ ಎಡ್ಜ್ ಕೂಡ ಒಳಗಿಂದ ಕ್ರೋಮಿಯಂ. ಬೇರೆ ಎಂಜಿನ್ ಎಂದು ಉಳಿದಿರುವುದು ಮುಖ್ಯವಾಗಿ ಸಫಾರಿಯದ್ದು, ಫೈರ್‌ಫಾಕ್ಸ್‌ನದ್ದು.

ಕನ್ನಡದ ವಿಷಯಕ್ಕೆ ಬಂದರೆ ಇನ್ನೊಂದು ತಮಾಷೆ. 2012ರ ಆಂಡ್ರಾಯ್ಡ್ 4.1ರಿಂದ ಫೋನಿನಲ್ಲೇ ಕನ್ನಡ ಸರಿಯಾಗಿ ಮೂಡುತ್ತದೆ. ಆದರೂ ಎಷ್ಟೋ ಪುಟಗಳಲ್ಲಿ ಬಟನ್ ಮೇಲಿನ ಒತ್ತಕ್ಷರದ ಕಾಲು ಕತ್ತರಿಸಿಹೋಗಿರುತ್ತದೆ. ಇಂಗ್ಲಿಷ್ ಅಕ್ಷರದ ಎತ್ತರ ಅಳೆದು ಬಟನ್ ಮಾಡಿ, ಆಮೇಲೆ ಅದರೊಳಗೆ ಕನ್ನಡ ತುರುಕುತ್ತಾರೆ. ‘ಸಬ್‌ಮಿಟ್’ ಹಿಡಿಸುವ ಜಾಗದಲ್ಲಿ ‘ಅರ್ಜಿ ಸಲ್ಲಿಸಿ’ ಹಿಡಿಸುವುದಿಲ್ಲ. ‘ತೀರ್ಥಹಳ್ಳಿ’ಯ ಳ ಒತ್ತು ಮಾಯವಾದರೆ ಉಳಿಯುವುದು ಯಾವ ಊರೋ ದೇವರೇ ಬಲ್ಲ. ಸಿಎಸ್‌ಎಸ್‌ನಲ್ಲಿ ಸಾಲಿನ ಎತ್ತರ ಸ್ವಲ್ಪ ಹೆಚ್ಚಿಸಿ, ಬಟನ್‌ಗೆ ಸ್ಥಿರ ಎತ್ತರ ಕೊಡದೆ ಬಿಟ್ಟರೆ ಸರಿಹೋಗುವ ಕೆಲಸ ಇದು.

ವೆಬ್ ಡಿಸೈನ್ ಕಲಿಯುತ್ತಿರುವ ಗೆಳೆಯರು ಇಲ್ಲೇ ಅವಕಾಶ ಹುಡುಕಬೇಕು. ಚೆಂದದ ಅನಿಮೇಷನ್ ಮಾಡುವವರು ಬೆಂಗಳೂರಲ್ಲಿ ಬೇಕಾದಷ್ಟಿದ್ದಾರೆ. ಹಳೇ ಫೋನಿನಲ್ಲಿ, ಒಂದು ಕಡ್ಡಿ ಸಿಗ್ನಲ್‌ನಲ್ಲಿ ತೆರೆದುಕೊಳ್ಳುವ ಫಾರಂ ಮಾಡುವವರು ಕಮ್ಮಿ. ಹುಟ್ಟಿದ ದಿನಾಂಕಕ್ಕೆ ಬ್ರಿಟನ್ ಸರ್ಕಾರದ ತಾಣದಲ್ಲಿ ದಿನ, ತಿಂಗಳು, ವರ್ಷ ಎಂದು ಬರೀ ಮೂರು ಪೆಟ್ಟಿಗೆ ಇರುತ್ತವೆ. ಕ್ಯಾಲೆಂಡರಿನ ಗೋಜೇ ಇಲ್ಲ. ಅದನ್ನು ಮಾಡಲು ಯಾವ ಫ್ರೇಮ್‌ವರ್ಕೂ ಬೇಕಿಲ್ಲ. ತುಂಬಿದ ವಿವರ ಫೋನಿನಲ್ಲೇ ಉಳಿದು, ಸಿಗ್ನಲ್ ಬಂದಾಗ ಹೋಗುವಂತೆ ಮಾಡುವ ಸೌಲಭ್ಯವೂ ಈಗಿನ ಬ್ರೌಸರುಗಳಲ್ಲಿ ಇದೆ. ಗುಡ್ಡ ಹತ್ತಿ ಸಿಗ್ನಲ್ ಹುಡುಕಿದವರಿಗೆ ಅದರ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ ನೋಡುವ ಆಯ್ಕೆ ಇದೆ, ಮೊದಲು ಅದನ್ನು ಒತ್ತಿ ನಿಮ್ಮ ಪುಟ ತೆರೆಯಿರಿ. ಆಮೇಲೆ ಅದೇ ಪುಟವನ್ನು ಫೈರ್‌ಫಾಕ್ಸ್‌ನಲ್ಲಿ, ಯಾರದಾದರೂ ಐಫೋನ್ ಕೇಳಿ ಸಫಾರಿಯಲ್ಲಿ, ಕೊನೆಗೆ ಆಗುಂಬೆ ರಸ್ತೆಯ ಬಸ್ಸಿನಲ್ಲಿ ಕೂತು ಮನೆಯ ಹಳೇ ಫೋನಿನಲ್ಲಿ ತೆರೆಯಿರಿ. ಎಲ್ಲಿ ನಿಂತಿತು ಎಂದು ಬರೆದಿಟ್ಟುಕೊಂಡರೆ ಇಂಟರ್‌ವ್ಯೂನಲ್ಲಿ ಮಾತಾಡಲು ವಿಷಯ ಸಿಗುತ್ತದೆ.